ಗಂಡ ಇದ್ದವರ ರಕ್ತದೊತ್ತಡ

ಹೈದರಾಬಾದಿನ ಮಾದಾಪುರದ ಆಫೀಸಿನಲ್ಲಿ ನಾನು ಎಲ್ಲರಿಗೂ ಕೇಳುವಂತೆ ನಕ್ಕಿದ್ದು ಒಂದೇ ಸಲ, ಅದೂ ಒಂದು ಪಟ್ಟಿ ನೋಡಿ. ಕಂಪ್ಯೂಟರಿನ ಪರದೆಯ ತುಂಬ ಮದುವೆಯಾದ ಹೆಂಗಸರ ಸಾಲುಗಳು. ಹೆಸರಿಲ್ಲ, ಬರೀ ನಂಬರು, ವಯಸ್ಸು, ಊರು, ಮದುವೆಯ ವಿವರ, ಕೊನೆಯಲ್ಲಿ ರಕ್ತದೊತ್ತಡ. 120/80. ಅದರ ಕೆಳಗೆ 120/80. ಅದರ ಕೆಳಗೂ ಅದೇ. ಮೌಸ್ ಹಿಡಿದು ಇಳಿಯುತ್ತಲೇ ಹೋದೆ. ಒಬ್ಬಳಿಗೂ ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. "ಏನೇ, ಅಷ್ಟು ನಗೋದು ಏನಿದೆ ಅದರಲ್ಲಿ?" ಅಂದಳು ಪಕ್ಕದ ಹುಡುಗಿ. ಹೇಳಬೇಕೆಂದು ಬಾಯಿ ತೆರೆದೆ, ನಗು ಅಲ್ಲಿಗೇ ನಿಂತು ಮೈಯೆಲ್ಲ ಉರಿಯತೊಡಗಿತು. ಆ ಹೆಂಗಸರೆಲ್ಲ ತಾಂಡಾಗಳವರು. ಅಂದರೆ ನಮ್ಮವರು, ಲಂಬಾಣಿಗಳು.

ನಾನು ಹುಟ್ಟಿದ್ದು ಕಲಬುರಗಿ ಕಡೆಯ ಒಂದು ತಾಂಡಾದಲ್ಲಿ. ಓದಿದ್ದು ಕನ್ನಡ ಶಾಲೆ. ಆಮೇಲೆ ಬಾಪುಗೆ, ಅಂದರೆ ಅಪ್ಪನಿಗೆ, ನಾಚಾರಂನ ಕೈಗಾರಿಕಾ ವಸಾಹತಿನಲ್ಲಿ ತಗಡಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಹೈದರಾಬಾದಿಗೆ ಬಂದೆವು. ಅವ್ವನನ್ನು ನಮ್ಮ ಭಾಷೆಯಲ್ಲಿ ಯಾಡಿ ಅನ್ನುತ್ತೇವೆ. ಯಾಡಿ ಬೆಳಗಾಗುತ್ತಲೇ ಜೋಳದ ರೊಟ್ಟಿ ತಟ್ಟಲು ಕೂತರೆ ಹತ್ತು ಗಂಟೆಯ ತನಕ ಏಳುತ್ತಿರಲಿಲ್ಲ. ಆ ರೊಟ್ಟಿ ಕೊಂಡಾಪುರದ ಒಂದು ಖಾನಾವಳಿಗೆ ಹೋಗುತ್ತಿತ್ತು, ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬಂದ ಸಾಫ್ಟ್‌ವೇರ್ ಹುಡುಗರು ತಿನ್ನುತ್ತಿದ್ದರು. ಮನೆಯಲ್ಲಿ ನಾವು ಲಂಬಾಣಿ ಮಾತಾಡುತ್ತೇವೆ, ಹೊರಗೆ ತೆಲುಗು, ಹಿಂದಿ. ಆದರೆ ಯಾಡಿಗೆ ಸಿಟ್ಟು ಬಂದರೆ ಕನ್ನಡವೇ ಬೇಕು. ಅವಳ ಬಾಯಲ್ಲಿ ನಾನು ಕೇಳಿದ ಕನ್ನಡವೆಲ್ಲ ಹೆಚ್ಚುಕಮ್ಮಿ ಬೈಗುಳದ ಕನ್ನಡವೇ.

ಆಗಿನ್ನೂ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಡಿಗ್ರಿ ಇದ್ದವರನ್ನು ಕರೆಕರೆದು ಕೆಲಸ ಕೊಡುತ್ತಿದ್ದರು. ನಾನು ಸೇರಿದ ಕಂಪನಿಯದು ಆರೋಗ್ಯದ ಅಂಕಿಅಂಶ ತಿದ್ದುವ ಕೆಲಸ. ಹೊರದೇಶದವರು ಕಳಿಸಿದ ಪಟ್ಟಿಗಳಲ್ಲಿ ಗಂಡಸಿಗೆ ಹೆರಿಗೆ ಆಗಿರುತ್ತಿತ್ತು, ಮೂರು ವರ್ಷದ ಮಗು ಬೀಡಿ ಸೇದುತ್ತಿತ್ತು. ಅಂಥವನ್ನು ಹುಡುಕಿ ಹಿಡಿಯಬೇಕು. ನಾನು ಅದರಲ್ಲಿ ಚುರುಕಾಗಿದ್ದೆ. ತಪ್ಪು ಹುಡುಕುವ ಗುಣ ನನಗೆ ಹುಟ್ಟಿನಿಂದ ಬಂದದ್ದು ಅಂತ ಯಾಡಿ ಹೇಳುತ್ತಾಳೆ, ಹೊಗಳಿಕೆಯ ದನಿಯಲ್ಲಿ ಅಲ್ಲ.

ಆ ಸಲದ ಕೆಲಸ ನ್ಯೂಜಿಲೆಂಡಿನಿಂದ ಬಂದಿತ್ತು. ಬೇರೆ ಬೇರೆ ದೇಶಗಳ ಮೂಲನಿವಾಸಿಗಳ ಆರೋಗ್ಯ ಹೇಗಿದೆ, ಯಾರು ಎಷ್ಟು ವರ್ಷ ಬದುಕುತ್ತಾರೆ ಅಂತ ಹೋಲಿಸಿ ನೋಡುವುದು. ಅಲ್ಲಿಯ ಮಾವೊರಿಗಳು, ಆಸ್ಟ್ರೇಲಿಯಾದ ಮೂಲದವರು, ಜೊತೆಗೆ ನಮ್ಮ ದಖನ್ನಿನ ಬುಡಕಟ್ಟಿನವರು. ಲಂಬಾಣಿಗಳು ಬುಡಕಟ್ಟಿನವರೇ ಅಂತ ನನ್ನನ್ನು ಕೇಳಬೇಡಿ, ಅದು ಸರ್ಕಾರಗಳಿಗೇ ಗೊತ್ತಿಲ್ಲ. ಗಡಿಯ ಆ ಕಡೆ ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ, ಈ ಕಡೆ ಪರಿಶಿಷ್ಟ ಪಂಗಡ. ಬೆಳಿಗ್ಗೆ ತಾಂಡಾದಲ್ಲಿ ಬಸ್ ಹತ್ತಿದ ನಮ್ಮ ಅತ್ತೆ ಮಧ್ಯಾಹ್ನ ಹೈದರಾಬಾದಿನಲ್ಲಿ ಇಳಿಯುವಷ್ಟರಲ್ಲಿ ಬುಡಕಟ್ಟಿನವಳಾಗಿರುತ್ತಿದ್ದಳು. ಯಾವ ಪೆಟ್ಟಿಗೆಯಲ್ಲಿಟ್ಟರೂ ನಮ್ಮವರು ಬೇಗ ಸಾಯುತ್ತಾರೆ, ಅದಷ್ಟು ನನಗೆ ಪಟ್ಟಿ ನೋಡದೆಯೂ ಗೊತ್ತಿತ್ತು. ನಮ್ಮ ತಾಂಡಾದಲ್ಲಿ ಮೊಮ್ಮಕ್ಕಳ ಮದುವೆ ನೋಡಿದ ಅಜ್ಜಿ ಒಬ್ಬಳೇ ಒಬ್ಬಳಿದ್ದಳು, ಅವಳನ್ನು ನೋಡಲು ಪಕ್ಕದ ತಾಂಡಾದಿಂದ ಜನ ಬರುತ್ತಿದ್ದರು.

ನಮ್ಮ ಟೀಮ್ ಲೀಡ್ ಮೈಸೂರಿನವರು. ಒಳ್ಳೆಯ ಮನುಷ್ಯ, ಯಾರ ಜೊತೆಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಅವತ್ತು ನನ್ನ ಹಿಂದೆ ಬಂದು ನಿಂತು, "ಈ ಫೈಲ್ ನೋಡಿ ನಂಗೆ ತುಂಬಾ ಖುಷಿಯಾಯ್ತು ಕಣ್ರೀ. ಒಂದು ಸೆಲ್ಲೂ ಖಾಲಿ ಇಲ್ಲ. ಇಷ್ಟು ಕ್ಲೀನ್ ಡೇಟಾ ನಮಗೆ ಬರೋದೇ ಅಪರೂಪ" ಅಂದರು. ವರದಿಯ ಕರಡನ್ನೂ ತೆರೆದು ತೋರಿಸಿದರು. ಅದರಲ್ಲಿ ಅವರೇ ಬರೆದಿದ್ದರು: ಮಾವೊರಿ ಹೆಂಗಸರಿಗೆ ಹೋಲಿಸಿದರೆ ದಖನ್ನಿನ ತಾಂಡಾದ ಹೆಂಗಸರ ರಕ್ತದೊತ್ತಡ ಬಹಳ ಚೆನ್ನಾಗಿದೆ, ಬಹುಶಃ ಅವರ ಸಹಜ, ಸಾಂಪ್ರದಾಯಿಕ ಬದುಕು ಇದಕ್ಕೆ ಕಾರಣ.

ಸಹಜ ಬದುಕಂತೆ! ನಮ್ಮ ಯಾಡಿ ಎರಡು ತಿಂಗಳಿಂದ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ತಲೆಯ ಹಿಂಭಾಗದಲ್ಲಿ ಯಾರೋ ಕುಟ್ಟಿದ ಹಾಗಾಗುತ್ತದೆ ಅನ್ನುತ್ತಿದ್ದಳು. ಒಂದು ದಿನ ಮೂಗಿನಿಂದ ರಕ್ತ ಬಂದು ಹಿಟ್ಟಿನ ಮೇಲೆ ಬಿದ್ದಾಗ ಆ ಹಿಟ್ಟನ್ನಷ್ಟು ಎಸೆದು ಮತ್ತೆ ಕಲಸಿಕೊಂಡು ಕೂತಿದ್ದಳು. ಅವಳ ಅವ್ವ, ಅಂದರೆ ನನ್ನ ಅಜ್ಜಿ, ಹೀಗೇ ತಲೆ ಹಿಡಿದುಕೊಂಡು ಓಡಾಡಿ ಒಂದು ಮಧ್ಯಾಹ್ನ ಬಾವಿಯ ಹತ್ತಿರ ಬಿದ್ದವಳು ಮತ್ತೆ ಏಳಲಿಲ್ಲ. ಬಿಸಿಲು ಬಡಿಯಿತು ಅಂದರು. ಯಾಡಿಗೂ ಹಾಗೇ ಆಗುತ್ತದೆ ಅನ್ನುವ ಹೆದರಿಕೆ ನನಗೆ. ಆ ವಯಸ್ಸಿನಲ್ಲಿ ನನಗೆ ಹೆದರಿಕೆ ಆದಾಗಲೆಲ್ಲ ಜಗಳ ತೆಗೆಯುತ್ತಿದ್ದೆ.

ಆ 120/80 ಎಲ್ಲಿಂದ ಬಂತು ಅಂತ ನನಗೆ ಹೇಗೆ ಗೊತ್ತು? ಒಂದು ತಿಂಗಳ ಹಿಂದೆ ನಮ್ಮ ಕಾಲೊನಿಯಲ್ಲಿ ಉಚಿತ ಆರೋಗ್ಯ ತಪಾಸಣೆ ಇಟ್ಟಿದ್ದರು. ರಜಾ ಹಾಕಿ ಯಾಡಿಯನ್ನು ಎಳೆದುಕೊಂಡು ಹೋಗಿದ್ದೆ. ನಮ್ಮ ಮದುವೆಯಾದ ಹೆಂಗಸರ ಕೈ ನೀವು ನೋಡಿರಬೇಕು. ಮುಂಗೈಯಿಂದ ಮೊಣಕೈಯ ತನಕ ಬಳೆ, ಮೊಣಕೈಯ ಮೇಲೆ ಭುಜದ ತನಕ ಮತ್ತೆ ಬಿಳಿಯ ಅಗಲ ಬಳೆ. ಬಲಿಯಾ ಅನ್ನುತ್ತೇವೆ. ಹಿಂದೆ ಮೂಳೆಯದು, ಈಗ ಪ್ಲಾಸ್ಟಿಕ್ಕಿನದು. ತೋಳಿನ ಮಾಂಸ ಕಚ್ಚಿ ಕೂತಿರುತ್ತದೆ. ನರ್ಸ್ ಬಿ.ಪಿ. ಪಟ್ಟಿ ಕಟ್ಟಲು ತೋಳು ಹಿಡಿದು ನೋಡಿದಳು, ಒಂದು ಬೆರಳು ಜಾಗ ಇಲ್ಲ. "ಗಾಜುಲು ತೀಸೇಯ್ ಅಮ್ಮಾ" ಅಂದಳು, ಬಳೆ ತೆಗಿ ಅಂತ. ಯಾಡಿ ಕೈ ಕಿತ್ತುಕೊಂಡಳು. ಮೇಲಿನ ಬಲಿಯಾ ಇಳಿಯುವುದು ಗಂಡ ಸತ್ತ ಮೇಲೆ. ಬಾಪು ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಗುಂಡುಕಲ್ಲಿನಂತೆ ಇದ್ದ.

ನರ್ಸ್ ವಾದ ಮಾಡಲಿಲ್ಲ. ಪುಸ್ತಕದಲ್ಲಿ ಏನೋ ಬರೆದು ಮುಂದಿನವರನ್ನು ಕರೆದಳು. ನಾನು ಬಗ್ಗಿ ನೋಡಿದೆ, 120/80. "ಇದೇನು, ಅಳೆಯದೆ ಬರೆದಿರಲ್ಲ?" ಅಂದೆ. ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು, ಖಾಲಿ ಬಿಟ್ಟರೆ ಮೇಲಿನವರು ಬೈಯುತ್ತಾರೆ ಮೇಡಂ, ಈ ಬಳೆಯವರಿಗೆಲ್ಲ ಹೀಗೇ ನಾರ್ಮಲ್ ಬರೆಯುವುದು, ನಮ್ಮ ಸೀನಿಯರ್‌ಗಳೂ ಹಾಗೇ ಮಾಡುತ್ತಾರೆ ಅಂದಳು. ಅವಳನ್ನು ನಾನು ಏನೂ ಅನ್ನಲಿಲ್ಲ. ನನ್ನ ಸಿಟ್ಟೆಲ್ಲ ಯಾಡಿಯ ಮೇಲೆ ತಿರುಗಿತು. ಎಲ್ಲರ ಎದುರಿಗೆ, "ಈ ದರಿದ್ರ ಬಳೆ ಗರಗಸ ಹಾಕಿ ಕೊಯ್ಯಿಸ್ತೀನಿ ನೋಡು" ಅಂದೆ. ಆಫೀಸಿಗೆ ಸೇರಿದ ಮೇಲೆ ಆ ಬಳೆಗಳ ಬಗ್ಗೆ ನನಗೆ ನಾಚಿಕೆಯೂ ಆಗುತ್ತಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಯಾಡಿ ಕನ್ನಡಕ್ಕೆ ಹೊರಳಿದಳು. "ಗರಗಸ ನನ್ನ ಕುತಗಿಗೆ ಹಾಕು. ನಿಮ್ಮಪ್ಪ ಜೀವಂತ ಇದ್ದಾಗ ನಾ ಬಲಿಯಾ ಇಳಿಸಿದ್ರ ಅವನ್ನ ನಾನಾ ಕೊಂದಂಗ. ನಾಲ್ಕಕ್ಷರ ಕಲಿತೀದಿ ಅಂತ ಭಾಳ ಶಾಣ್ಯಾಕಿ ಆಗೀ ಏನು?"

ಸಂಜೆ ಬಾಪುಗೆ ಹೇಳಿದೆ, ನೀನಾದರೂ ಹೇಳು ಅಂತ. ಅವನು ಬಿದ್ದು ಬಿದ್ದು ನಕ್ಕ. "ತೆಗೆದ್ರೂ ನಾ ಸಾಯಂಗಿಲ್ಲ ಅಂತ ಹೇಳ್ತೀನಿ, ಕೇಳ್ತಾಳೇನು? ಆಕಿಗೆ ನನ್ನ ಮ್ಯಾಲ ಅಷ್ಟು ಜೀವ" ಅಂದ. ಯಾಡಿ ಅವನ ಕಡೆ ಲಟ್ಟಣಿಗೆ ಎತ್ತಿದಳು.

ಕರಡು ನೋಡಿದ ದಿನ ಆಫೀಸಿನಲ್ಲಿ ಇದನ್ನೆಲ್ಲ ಲೀಡ್‌ಗೆ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ನಿಮ್ಮ ತಾಯಿಯವರ ವಿಷಯ ಅರ್ಥ ಆಗುತ್ತೆ. ಆದ್ರೆ ಒಬ್ಬರ ಅನುಭವ ಡೇಟಾ ಆಗಲ್ಲ ಅಲ್ವಾ?" ಅಂದರು. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ನಮ್ಮ ಅನುಭವ ಡೇಟಾ ಅಲ್ಲ, ಅಳೆಯದೆ ಬರೆದದ್ದು ಡೇಟಾ! ಆದರೂ ಅವರು ಹೇಳಿದ್ದರಲ್ಲಿ ಒಂದು ನ್ಯಾಯ ಇತ್ತು. ಡೇಟಾ ಬೇಕು ತಾನೆ, ತರುತ್ತೇನೆ ಅಂತ ಕೂತೆ.

ಅವತ್ತು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮೊದಲು ಅದೇ ತಾಂಡಾಗಳ ಗಂಡಸರನ್ನು ಬೇರೆ ಮಾಡಿದೆ. ಅವರ ಬಿ.ಪಿ. ಒಬ್ಬೊಬ್ಬರದು ಒಂದೊಂದು ಥರ, ಇರಬೇಕಾದ ಹಾಗೆ. ಆಮೇಲೆ ಮದುವೆಯಾಗದ ಹುಡುಗಿಯರು. ಅವರದೂ ಬೇರೆ ಬೇರೆ. ಮದುವೆಯಾದ ಹೆಂಗಸರು ಮಾತ್ರ ಸಾಲಾಗಿ 120/80. ಕೊನೆಗೆ ಗಂಡ ಸತ್ತವರು. ಆ ಸಾಲುಗಳನ್ನು ಒಂದೊಂದಾಗಿ ಓದಿದೆ. ಒಬ್ಬಳಿಗೆ ನೂರ ಎಂಬತ್ತು, ಒಬ್ಬಳಿಗೆ ನೂರ ಎಪ್ಪತ್ತು, ಮತ್ತೊಬ್ಬಳಿಗೆ ಇನ್ನೂರು ದಾಟಿತ್ತು. ಬಲಿಯಾ ಇಳಿಸಿದ ತೋಳಿಗೆ ಪಟ್ಟಿ ಕಟ್ಟಲು ಜಾಗ ಸಿಕ್ಕಿತ್ತು, ಅಷ್ಟೇ ವಿಷಯ. ಅಷ್ಟು ದಿನ ಒಳಗೇ ಇದ್ದ ಕಾಯಿಲೆ ಗಂಡ ಸತ್ತ ಮೇಲೆ ಲೆಕ್ಕಕ್ಕೆ ಸಿಕ್ಕಿತ್ತು.

ಕರಡಿನಲ್ಲಿ ಇದಕ್ಕೂ ಒಂದು ವಾಕ್ಯ ಇತ್ತು. ವೈಧವ್ಯದ ದುಃಖದಿಂದ ತಾಂಡಾದ ಹೆಂಗಸರ ರಕ್ತದೊತ್ತಡ ಏರುತ್ತದೆ ಎಂದು. ಓದಿ ಎದ್ದು ನಿಂತೆ, ಕುರ್ಚಿ ಹಿಂದಕ್ಕೆ ಬಿತ್ತು.

ಲೀಡ್ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು. ನಾಳೆ ಬೆಳಿಗ್ಗೆ ಕ್ಲೈಂಟ್ ಜೊತೆ ಕರೆ ಇದೆ, ಇದನ್ನು ಈಗ ಎತ್ತಿದರೆ ಇಡೀ ಅಧ್ಯಾಯ ಬಿದ್ದುಹೋಗುತ್ತದೆ, ಮೊದಲು ನಾವು ಒಳಗೇ ಚರ್ಚೆ ಮಾಡೋಣ, ಕರೆಯಲ್ಲಿ ದಯವಿಟ್ಟು ಏನೂ ಹೇಳಬೇಡಿ ಅಂದರು. ಆಯಿತು ಸರ್ ಅಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ನಮ್ಮ ಬೆಳಗು ಅವರಿಗೆ ಮಧ್ಯಾಹ್ನ. ಏಳು ಗಂಟೆಗೇ ಕ್ಯಾಬ್‌ನಲ್ಲಿ ಬಂದು ಸಣ್ಣ ಕೋಣೆಯಲ್ಲಿ ಫೋನಿನ ಸುತ್ತ ಕೂತೆವು. ಆ ಕಡೆ ಇದ್ದದ್ದು ಒಬ್ಬ ಹೆಂಗಸು, ನಮ್ಮ ಕೆಲಸ ಒಪ್ಪಬೇಕಾದವರು. ದನಿ ಕೇಳಿದರೆ ಐವತ್ತರ ಆಸುಪಾಸು. ತಾವು ಮಾವೊರಿ ಅಂತ ಮೊದಲ ದಿನವೇ ಹೇಳಿದ್ದರು, ತಮ್ಮ ನದಿಯ ಹೆಸರು, ಬೆಟ್ಟದ ಹೆಸರು ಹೇಳಿ ಪರಿಚಯ ಮಾಡಿಕೊಂಡಿದ್ದರು. ಲೀಡ್ ಕರಡನ್ನು ವಿವರಿಸಿ ಸಹಜ ಬದುಕಿನ ಹತ್ತಿರ ಬಂದರು. ಆ ಹೆಂಗಸು, "ಇದು ನಿಜವಾದರೆ ನನ್ನ ಅಕ್ಕತಂಗಿಯರನ್ನೆಲ್ಲ ಅಲ್ಲಿಗೇ ಕಳಿಸುತ್ತೇನೆ" ಅಂತ ನಕ್ಕರು.

"ನಿಜ ಅಲ್ಲ ಮೇಡಂ," ಅಂದೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಸಿಟ್ಟಿನಲ್ಲಿ ಇನ್ನೂ ಕೆಟ್ಟಿತು. ಆದರೂ ಎಲ್ಲ ಹೇಳಿದೆ. ಬಳೆ, ಬಿ.ಪಿ. ಪಟ್ಟಿ, ನರ್ಸ್, ಗಂಡ ಸತ್ತವರ ಸಾಲು, ನಮ್ಮ ಯಾಡಿಯ ತಲೆನೋವು. ಲೀಡ್ ಮೇಜನ್ನೇ ನೋಡುತ್ತಿದ್ದರು.

ಆಮೇಲೆ ಫೋನಿನ ಆ ಕಡೆಯ ಹೆಂಗಸು ನಿಧಾನವಾಗಿ ಮಾತಾಡಿದರು. ತಮ್ಮವರಿಗೆ ತಲೆ ಪವಿತ್ರ, ತಲೆಗಿಟ್ಟ ದಿಂಬನ್ನು ಕಾಲ ಕೆಳಗೆ ಇಡುವಂತಿಲ್ಲ. ಆಸ್ಪತ್ರೆಯಲ್ಲಿ ಯಾವ ದಿಂಬನ್ನು ಎಲ್ಲಿಗೆ ಬೇಕಾದರೂ ತುರುಕುತ್ತಿದ್ದರು, ಅದಕ್ಕೆ ಅವರ ಮುದುಕಿಯರು ಆಸ್ಪತ್ರೆಗೇ ಹೋಗುತ್ತಿರಲಿಲ್ಲ, ಮೂಢರು ಅಂತ ಹೆಸರು ಬೇರೆ. ಜಗಳ ಮಾಡಿ ಮಾಡಿ ಈಗ ಅವರ ಊರಿನ ಆಸ್ಪತ್ರೆಯಲ್ಲಿ ತಲೆಯ ದಿಂಬಿಗೆ ಒಂದು ಬಣ್ಣದ ಹೊದಿಕೆ, ಉಳಿದದ್ದಕ್ಕೆ ಇನ್ನೊಂದು ಬಣ್ಣ. "ಇಷ್ಟೇ ಬೇಕಾಗಿದ್ದದ್ದು. ಬಟ್ಟೆಯ ಬಣ್ಣ," ಅಂದರು. ಅವರ ಅಜ್ಜಿ ಸತ್ತಾಗ ಮರಣದ ಕಾಗದದಲ್ಲಿ ಮಾವೊರಿ ಅಂತ ಬರೆದೇ ಇರಲಿಲ್ಲವಂತೆ. ಕಾಗದ ತುಂಬಿಸಿದವನು ಮನೆಯವರನ್ನು ಕೇಳದೆ ಮುಖ ನೋಡಿ ತನಗೆ ತೋಚಿದ್ದು ಬರೆದ. "ಹುಟ್ಟುವಾಗ ಮಾವೊರಿ, ಸಾಯುವಾಗ ಬೇರೆ ಯಾರೋ. ಹಾಗೆ ಬರೆಯುತ್ತ ಹೋದರೆ ಪುಸ್ತಕದಲ್ಲಿ ನಾವು ಸಾಯುವುದೇ ಇಲ್ಲ ನೋಡು."

ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಅವರು ಕೇಳಿದರು: "ನಿನ್ನ ಅಮ್ಮನನ್ನು ಕೇಳಿದೆಯಾ?"

"ಏನಂತ?"

"ಯಾವುದನ್ನು ತೆಗೆಯಬಹುದು, ಯಾವುದನ್ನು ತೆಗೆಯಬಾರದು ಅಂತ."

ಕೇಳಿರಲಿಲ್ಲ. ಗರಗಸ ಅಂದಿದ್ದೆ, ದರಿದ್ರ ಅಂದಿದ್ದೆ, ಕೇಳಿರಲಿಲ್ಲ. ನರ್ಸ್ ಅಳೆಯಲಿಲ್ಲ ಅಂತ ಊರೆಲ್ಲ ಕೂಗುತ್ತಿದ್ದ ನಾನೇ ಕೇಳಿರಲಿಲ್ಲ. ಯಾರೋ ಕೆನ್ನೆಗೆ ಹೊಡೆದಂತಾಯಿತು, ಸಮುದ್ರ ದಾಟಿ ಬಂದ ಏಟು.

ಸಂಜೆ ಮನೆಗೆ ಹೋದವಳೇ ಯಾಡಿಯ ಪಕ್ಕ ಕೂತೆ. ಅವಳು ಸೊಪ್ಪು ಸೋಸುತ್ತಿದ್ದಳು. ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು, ಇದೇನು ಹೊಸ ನಾಟಕ ಅನ್ನುವ ಹಾಗೆ. ಆಮೇಲೆ ಮುಂಗೈಯ ಬಳೆಗಳನ್ನು ಒಂದು ಬೆರಳಿನಿಂದ ಮುಟ್ಟಿ ತೋರಿಸಿದಳು.

"ಮೊಣಕೈ ಕೆಳಗಿನವು ನನ್ನವು. ಮ್ಯಾಲಿನವು ನಿಮ್ಮಪ್ಪನವು. ಕೆಳಗಿನವು ಹಿಟ್ಟು ನಾದೂವಾಗ ದಿನಾ ತೆಗೀತೀನಿ, ನೀ ಕುರುಡಿಯೇನು?"

"ಮತ್ತ ನರ್ಸ್‌ಗೆ ಯಾಕ ಹೇಳಲಿಲ್ಲ?"

"ಆಕಿ ಎಲ್ಲಾ ತೆಗಿ ಅಂದ್ಳು. ನೀ ಎಲ್ಲಾ ಕೊಯ್ಯಿ ಅಂದಿ. ಯಾವುದು ಅಂತ ಯಾರು ಕೇಳಿದ್ರು?"

ಸೊಪ್ಪಿನ ಒಂದು ಹಿಡಿ ಎತ್ತಿಕೊಂಡು ಸೋಸತೊಡಗಿದೆ. ನಾನು ಸೋಸಿದ್ದನ್ನು ಅವಳು ಮತ್ತೆ ಸೋಸಿದಳು.

ಮರುದಿನ ಬಾಪು ನಮ್ಮಿಬ್ಬರನ್ನೂ ತನ್ನ ಹಳೆಯ ಸ್ಕೂಟರಿನಲ್ಲಿ ಕೂರಿಸಿಕೊಂಡು ನಾಚಾರಂನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ತಾನು ಒಳಗೆ ಬರಲಿಲ್ಲ, ಹೊರಗೆ ಬೇವಿನ ಮರದ ಕೆಳಗೆ ಶೇಂಗಾ ಬಿಡಿಸುತ್ತ ಕೂತ. ಅಲ್ಲಿಯ ನರ್ಸೂ ತೋಳನ್ನೇ ಹಿಡಿದಳು. ಯಾಡಿ ಆಗಲೇ ಮುಂಗೈ ಬಳೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೈ ಚಾಚಿ ಕೂತಿದ್ದಳು. ಇಲ್ಲಿ ಅಳೆಯಿರಿ ಅಂದೆ. ಇಲ್ಲಿ ಅಳೆಯುವುದಿಲ್ಲ ಅಂದಳು. ಯಾಕೆ ಅಂದೆ. ಯಾವತ್ತೂ ಅಳೆದಿಲ್ಲ ಅಂದಳು. ನಮ್ಮ ದನಿ ಏರಿದ್ದು ಕೇಳಿ ಡಾಕ್ಟರೇ ಹೊರಗೆ ಬಂದರು. ಬೀದರ್ ಕಡೆಯ ವಯಸ್ಸಾದ ಹೆಂಗಸು. ಯಾಡಿಯ ಕೈ ನೋಡಿದರು, ತೋಳು ನೋಡಿದರು, ಏನೂ ಕೇಳದೆ ಪಟ್ಟಿಯನ್ನು ಮೊಣಕೈಯ ಕೆಳಗೆ ಸುತ್ತಿ ಮುಂಗೈ ನಾಡಿಯ ಮೇಲೆ ಸ್ಟೆತೊಸ್ಕೋಪ್ ಇಟ್ಟರು. ಒಮ್ಮೆ ಅಳೆದು ಮತ್ತೊಮ್ಮೆ ಅಳೆದರು. ಇನ್ನೊಂದು ಕೈಯಲ್ಲೂ ಅಳೆದರು.

ಇನ್ನೂರ ಹತ್ತು, ನೂರ ಇಪ್ಪತ್ತು.

"ಇಲ್ಲಿ ಅಳದ್ರ ಒಂದೀಟು ಹೆಚ್ಚಿಗಿ ತೋರಿಸ್ತೈತಿ, ಆದ್ರ ಇಷ್ಟಲ್ಲ," ಅಂದರು ಡಾಕ್ಟರು. "ಯಾವಾಗಿಂದ ತಲಿನೋವು ಐತ್ರೀ ಅವ್ವಾ?" ಯಾಡಿ ಬೆರಳು ಎಣಿಸಿ, ನಾನು ಕಾಲೇಜು ಸೇರಿದ ವರ್ಷದಿಂದ ಅಂದಳು. ಅಂದರೆ ಏಳು ವರ್ಷ. ನನಗೆ ಗೊತ್ತಿದ್ದದ್ದು ಎರಡು ತಿಂಗಳು. ಅವಳನ್ನು ಅಲ್ಲೇ ಮಲಗಿಸಿದರು, ಸಂಜೆಯವರೆಗೆ ಬಿಡಲಿಲ್ಲ. ದಿನಾ ತಪ್ಪದೆ ನುಂಗಬೇಕಾದ ಮಾತ್ರೆ ಕೊಟ್ಟರು. ಇನ್ನೊಂದಿಷ್ಟು ದಿನ ಹೀಗೇ ಬಿಟ್ಟಿದ್ದರೆ ಅಂತ ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಮಾತು ಮುಗಿಸಲಿಲ್ಲ.

ಆಫೀಸಿನಲ್ಲಿ ನಾನು ಗೆದ್ದೆ. ಗೆದ್ದೆ ಅಂತಲೇ ಬರೆಯುತ್ತೇನೆ, ವಿನಯ ನನಗೆ ಒಗ್ಗುವುದಿಲ್ಲ. ಆ ಸಾಲುಗಳ 120/80 ಎಲ್ಲವನ್ನೂ ಅಳಿಸಿ, ಅಲ್ಲಿ 'ಅಳತೆ ಆಗಿಲ್ಲ' ಅನ್ನುವ ಗುರುತು ಹಾಕಿದೆವು. ನಾನೇ ಕೂತು ಹಾಕಿದೆ. ಚೆಂದವಾಗಿದ್ದ ಫೈಲಿನಲ್ಲಿ ದೊಡ್ಡ ತೂತು ಬಿತ್ತು. ಸಹಜ ಬದುಕೂ ಹೋಯಿತು, ವೈಧವ್ಯದ ದುಃಖವೂ ಹೋಯಿತು. ಲೀಡ್ ಒಂದು ವಾರ ನನ್ನ ಜೊತೆ ಕೆಲಸಕ್ಕಷ್ಟೇ ಮಾತಾಡಿದರು. ಆಮೇಲೆ ಒಂದು ದಿನ ಟೀ ಕುಡಿಯುವಾಗ, "ನಾನು ಆ ವಾಕ್ಯ ಬರೆದೆನಲ್ಲ, ಅದು ನೆನಪಾದ್ರೆ ಈಗಲೂ ಒಂಥರಾ ಆಗುತ್ತೆ ಕಣ್ರೀ" ಅಂದರು. ನನಗೂ ಆಗುತ್ತದೆ ಸರ್, ಬಳೆ ಕೊಯ್ಯಿಸ್ತೀನಿ ಅಂದಿದ್ದೆ ಅಂದೆ. ಅಲ್ಲಿಗೆ ನಮ್ಮ ಜಗಳ ಮುಗಿಯಿತು.

ಯಾಡಿಯ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿತು. ಮಾತ್ರೆ ನುಂಗಿದಳಾ ಅಂತ ಬಾಪು ಕಾರ್ಖಾನೆಯಿಂದ ಫೋನ್ ಮಾಡಿ ಕೇಳುತ್ತಿದ್ದ. ನಾವು ಮೂವರೂ ಅವಳ ಬಿ.ಪಿ.ಯನ್ನೇ ಕಾಯುತ್ತ ಒಂದು ವರ್ಷ ಕಳೆದೆವು.

ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಬಾಪು ಮಷೀನಿನ ಪಕ್ಕದಲ್ಲಿ ಕೂತವನು ಹಾಗೇ ಗೋಡೆಗೆ ಒರಗಿದ. ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ತಲೆಯಲ್ಲಿ ರಕ್ತನಾಳ ಒಡೆದಿರಬೇಕು, ಬಿ.ಪಿ. ಇತ್ತಾ ಅಂತ ಅಲ್ಲಿಯ ಡಾಕ್ಟರು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಬಾಪುವಿನ ತೋಳು ಬರೀ ತೋಳು. ಬಳೆಯಿಲ್ಲ, ಕಡಗವಿಲ್ಲ, ಯಾರು ಯಾವಾಗ ಬೇಕಾದರೂ ಪಟ್ಟಿ ಕಟ್ಟಬಹುದಿತ್ತು. ಊರಿನವರ ಅಂಕಿಯನ್ನೆಲ್ಲ ತಿದ್ದಿದ ನಾನು ಅವನನ್ನು ಬೇವಿನ ಮರದ ಕೆಳಗೆ ಶೇಂಗಾ ತಿನ್ನಲು ಬಿಟ್ಟು ಒಳಗೆ ಹೋಗಿದ್ದೆ. ಇದನ್ನು ಬರೆಯದೆ ಬಿಡಬಹುದಿತ್ತು. ಖಾಲಿ ಬಿಡಬಾರದು ಅಂತ ಬರೆದೆ.

ಕಾಗದ ಕೊಡುವ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಸ್ಟ್ರೆಚರ್ ಕಡೆ ಒಮ್ಮೆ ಕತ್ತೆತ್ತಿ ನೋಡಿ, ವಯಸ್ಸಿನ ಜಾಗದಲ್ಲಿ ಅರವತ್ತೈದು ಅಂತ ಬರೆದ. ನಾನು ಐವತ್ತೆರಡು ಅಂದೆ.

"ಕ್ಯಾ ಬಾತಾಂ ಕರ್ತೇ ಮೇಡಂ, ಬಾಲ್ ಸಬ್ ಸಫೇದ್, ದಾಂತ್ ನೈ," ಅಂದ. ಕೂದಲೆಲ್ಲ ಬಿಳಿ, ಹಲ್ಲಿಲ್ಲ, ಐವತ್ತೆರಡು ಅಂದರೆ ಯಾರು ನಂಬುತ್ತಾರೆ ಅಂತ.

"ನಂಬಬೇಡಿ, ಬರೆಯಿರಿ." ಕಾರ್ಖಾನೆಯ ಗುರುತಿನ ಚೀಟಿಯನ್ನು ಕಿಟಕಿಯೊಳಗೆ ತಳ್ಳಿದೆ. "ನಮ್ಮಪ್ಪ ಮುದುಕನಾಗಿ ಸತ್ತಿಲ್ಲ. ನಿಮಗೆ ಮುದುಕನ ಹಾಗೆ ಕಾಣುತ್ತಾನೆ ಅಷ್ಟೇ. ಐವತ್ತೆರಡಕ್ಕೆ ಸತ್ತ. ಜಾತಿಯ ಜಾಗದಲ್ಲಿ ಇತರೆ ಅಂತ ಬರೆದಿದ್ದೀರಲ್ಲ, ಅದನ್ನೂ ಹೊಡೆಯಿರಿ. ಲಂಬಾಣಿ ಅಂತ ಬರೆಯಿರಿ."

ಹಿಂದೆ ಸಾಲು ಬೆಳೆದಿತ್ತು. ಒಬ್ಬ, ಸತ್ತವರ ವಯಸ್ಸಿನಿಂದ ಏನಾಗಬೇಕಾಗಿದೆ ತಾಯಿ, ಬೇಗ ಮುಗಿಸು ಅಂತ ಗೊಣಗಿದ. ನಾನು ಕಿಟಕಿಯ ಸರಳು ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆ ಹದಿಮೂರು ವರ್ಷ ಅವರು ಬರೆದರೆ ಪುಸ್ತಕದಲ್ಲಿ ಬಾಪು ಬದುಕಿದಂತೆ. ಬದುಕಿರಲಿಲ್ಲ. ಆ ವರ್ಷಗಳನ್ನು ಅವನಿಂದ ಕಿತ್ತುಕೊಂಡದ್ದು ಕಾಗದದಲ್ಲಿ ಕಾಣಲೇಬೇಕಿತ್ತು. ಕೊನೆಗೆ ಗುಮಾಸ್ತ ಹಳೆಯ ಕಾಗದ ಹರಿದು ಹೊಸದು ತೆಗೆದುಕೊಂಡ. ಬರೆದು ಮುಗಿಸುವ ತನಕ ನಾನು ಅವನ ಪೆನ್ನಿನ ತುದಿ ಬಿಟ್ಟು ಬೇರೆ ಏನೂ ನೋಡಲಿಲ್ಲ.

ದಿನಕರ್ಮಗಳಾದ ಮೇಲೆ ನಮ್ಮವರ ಪದ್ಧತಿಯಂತೆ ಯಾಡಿಯ ಮೇಲಿನ ಬಲಿಯಾ ಇಳಿಸಿದರು. ಸೋಪು ಹಚ್ಚಿದರೂ ಬರಲಿಲ್ಲ, ಒಡೆಯಬೇಕಾಯಿತು. ಒಳಗಿನ ತೋಳು ಮದುವೆಯಾದಾಗಿನಿಂದ ಬಿಸಿಲು ಕಂಡಿರಲಿಲ್ಲ. ಎಳೆ ಮಗುವಿನ ತೋಳಿನಷ್ಟು ಬೆಳ್ಳಗೆ, ನಡುನಡುವೆ ಬಳೆ ಒತ್ತಿದ ಗೆರೆ. ಯಾಡಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದಳು.

ಮಾತ್ರೆ ಮುಗಿದಿತ್ತು, ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ಅದೇ ನರ್ಸ್ ಇದ್ದಳು. ಯಾಡಿಯ ಸೆರಗು ಜರುಗಿದಾಗ ಬರಿದಾದ ತೋಳು ಕಂಡು ಅವಳ ಮುಖ ಅರಳಿತು. ಕೆಟ್ಟ ಹುಡುಗಿಯಲ್ಲ, ತನ್ನ ಕೆಲಸ ಹಗುರಾಯಿತಲ್ಲ ಅಂತಷ್ಟೇ. "ಇಪ್ಪುಡು ಈಜೀ ಅಯಿಂದಿ ಅಮ್ಮಾ," ಈಗ ಸಲೀಸಾಯಿತು ಅಂತ ಅನ್ನುತ್ತ ಪಟ್ಟಿಯನ್ನು ಆ ತೋಳಿಗೆ ಸುತ್ತಿದಳು.

ಯಾಡಿ ಪಟ್ಟಿಯನ್ನು ಪರ್ರನೆ ಕಿತ್ತಳು.

"ನನ್ನ ಗಂಡ ಸಾಯೂದನ್ನ ಕಾಯಾಕತ್ತಿತ್ತೇನು ನಿನ್ನ ಪಟ್ಟಿ?"

ನರ್ಸ್‌ಗೆ ಭಾಷೆ ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಯಾಡಿ ಮುಂಗೈಯ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ಸೆರಗನ್ನು ಭುಜದಿಂದ ಮೊಣಕೈಯ ತನಕ ಎಳೆದು ಮುಚ್ಚಿ, ಕೆಳಗಿನ ಕೈಯನ್ನು ಮೇಜಿನ ಮೇಲೆ ಚಾಚಿದಳು.

"ಇಲ್ಲಿ ಕಟ್ಟು," ಅಂದಳು.

ನರ್ಸ್ ನನ್ನನ್ನು ನೋಡಿದಳು. "ಅಲ್ಲೇ ಕಟ್ಟಿ" ಅಂದೆ. ಅವಳು ಕಟ್ಟಿದಳು. ನೂರ ನಲವತ್ತು, ತೊಂಬತ್ತು. ಇಷ್ಟು ವರ್ಷಗಳಾದವು, ಯಾಡಿಗೆ ಅರವತ್ತು ದಾಟಿತು, ಇವತ್ತಿಗೂ ಅವಳ ರಕ್ತದೊತ್ತಡವನ್ನು ಮೊಣಕೈಯ ಕೆಳಗೇ ಅಳೆಯಬೇಕು. ಮೇಲಿನ ತೋಳನ್ನು ಅವಳು ಯಾರಿಗೂ ಕೊಟ್ಟಿಲ್ಲ.